ಮರುಬಳಕೆಯ ಲಾಭ: ಸ್ಪೇಸ್ ಷಟಲ್ ಕಲಿಸಿದ ಲೆಕ್ಕ

ಒಮ್ಮೆ ಬಳಸಿ ಎಸೆಯುವ ವಸ್ತುವಿಗಿಂತ ಮತ್ತೆ ಮತ್ತೆ ಬಳಸುವ ವಸ್ತು ಅಗ್ಗವೆಂಬುದು ವ್ಯಾಪಾರ ವಲಯದ ಸಾಮಾನ್ಯ ನಂಬಿಕೆ. ಅಮೆರಿಕದ ನಾಸಾ ಸಂಸ್ಥೆಯ ಸ್ಪೇಸ್ ಷಟಲ್ ಯೋಜನೆ ರೂಪುಗೊಂಡದ್ದೂ ಇದೇ ನಂಬಿಕೆಯ ಮೇಲೆ. ಅದರ ಫಲಿತಾಂಶ ಸಣ್ಣ ಉದ್ದಿಮೆದಾರರಿಗೂ ಮನನಯೋಗ್ಯ.

1981ರ ಏಪ್ರಿಲ್ 12ರಂದು ಜಾನ್ ಯಂಗ್ ಮತ್ತು ರಾಬರ್ಟ್ ಕ್ರಿಪೆನ್ ಅವರನ್ನು ಹೊತ್ತು ಭೂಕಕ್ಷೆಗೇರಿದ 'ಕೊಲಂಬಿಯಾ', ವಿಮಾನದಂತೆ ಮರಳಿ ನೆಲಕ್ಕಿಳಿಯಿತು. ಅದೇ ನವೆಂಬರ್‌ನಲ್ಲಿ ಪುನಃ ಹಾರಿತು. ತಾಂತ್ರಿಕವಾಗಿ ಇದು ಅಸಾಧಾರಣ ಸಾಧನೆಯೆಂಬುದು ನಿರ್ವಿವಾದ.

ಆದರೆ ಲೆಕ್ಕಪತ್ರದ ಕಥೆ ಬೇರೆ. 1970ರ ದಶಕದ ಆರಂಭದಲ್ಲಿ ಹಾರಾಟವೊಂದಕ್ಕೆ ಸುಮಾರು 1 ಕೋಟಿ ಡಾಲರ್ ಸಾಕೆಂದೂ, ವರ್ಷಕ್ಕೆ ಹತ್ತಾರು ಹಾರಾಟಗಳು ಸಾಧ್ಯವೆಂದೂ ಅಂದಾಜಿಸಲಾಗಿತ್ತು. ವಾಸ್ತವದಲ್ಲಿ ವರ್ಷವೊಂದರ ಗರಿಷ್ಠ ಹಾರಾಟಗಳು 9, ಅದೂ 1985ರಲ್ಲಿ. 2011ರಲ್ಲಿ ಯೋಜನೆ ಮುಗಿದಾಗ ಒಟ್ಟು 135. ನಾಸಾ ತಿಳಿಸಿದ ಸರಾಸರಿ ವೆಚ್ಚ ಹಾರಾಟಕ್ಕೆ ಸುಮಾರು 45 ಕೋಟಿ ಡಾಲರ್. ಬೆಲೆಯೇರಿಕೆಯನ್ನು ಹೊಂದಿಸಿದರೂ ಅಂತರ ಅಗಾಧವೇ.

ಕಾರಣ ಸರಳ. ನೌಕೆ ಮರಳುತ್ತಿತ್ತು, ವೆಚ್ಚ ಮಾತ್ರ ಮರಳುತ್ತಿರಲಿಲ್ಲ. ಶಾಖ ತಡೆಯುವ ಸಾವಿರಾರು ಬಿಲ್ಲೆಗಳನ್ನು ಪ್ರತಿಬಾರಿಯೂ ಪರೀಕ್ಷಿಸಬೇಕಿತ್ತು. ಬೃಹತ್ ಇಂಧನ ಟ್ಯಾಂಕ್ ಪ್ರತಿ ಹಾರಾಟದಲ್ಲೂ ನಷ್ಟವಾಗುತ್ತಿತ್ತು. ಬೂಸ್ಟರ್‌ಗಳನ್ನು ಸಮುದ್ರದಿಂದೆತ್ತಿ ದುರಸ್ತಿ ಮಾಡಬೇಕಿತ್ತು. ಹಾರಾಟ ನಡೆದರೂ ನಡೆಯದಿದ್ದರೂ ಸಾವಿರಾರು ಸಿಬ್ಬಂದಿಯ ಸಂಬಳ ತಪ್ಪದು. ಬಳಕೆ ಕಡಿಮೆಯಾದಷ್ಟೂ ಸ್ಥಿರವೆಚ್ಚದ ಹೊರೆ ಪ್ರತಿ ಹಾರಾಟದ ಮೇಲೆ ಹೆಚ್ಚುತ್ತದೆ.

ಅಂದಾಜನ್ನು ನಿಜಮಾಡುವ ಧಾವಂತ ಇನ್ನೂ ಅಪಾಯಕಾರಿ. 1986ರ 'ಚಾಲೆಂಜರ್' ದುರಂತದಲ್ಲಿ ಏಳು ಮಂದಿ ಮಡಿದರು. ಹಾರಾಟಗಳ ಸಂಖ್ಯೆ ಹೆಚ್ಚಿಸುವ ಒತ್ತಡವೂ ಇದರ ಹಿಂದಿತ್ತೆಂದು ತನಿಖಾ ಆಯೋಗ ಹೇಳಿತು. 2003ರಲ್ಲಿ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿಯೊಡನೆ 'ಕೊಲಂಬಿಯಾ' ಸಹ ನಾಶವಾಯಿತು.

ಮರುಬಳಕೆಯೇ ತಪ್ಪೆಂದು ಇದರರ್ಥವಲ್ಲ. 2017ರಲ್ಲಿ ಮರುಹಾರಿದ ಫಾಲ್ಕನ್ 9ರ ಬೂಸ್ಟರ್, ದುರಸ್ತಿ ಕಡಿಮೆಯಾಗಿ ಹಾರಾಟ ಹೆಚ್ಚಾದರೆ ಅದೇ ಲೆಕ್ಕ ಫಲಿಸುವುದೆಂಬುದಕ್ಕೆ ನಾಂದಿಯಾಯಿತು. 2023 ಮತ್ತು 2024ರಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಇಸ್ರೋ ತನ್ನ ಮರುಬಳಕೆ ವಾಹನದ ಇಳಿಕೆಯನ್ನು ಯಶಸ್ವಿಯಾಗಿ ಪರೀಕ್ಷಿಸಿದೆ.

ಹಿಂದಿರುಗಿ ಬರುವ ಗಾಜಿನ ಬಾಟಲಿಯಾಗಲಿ, ಸಾಲ ಮಾಡಿ ಕೊಂಡ ದುಬಾರಿ ಯಂತ್ರವಾಗಲಿ, ಕೇಳಬೇಕಾದ ಪ್ರಶ್ನೆ ಒಂದೇ: ಎರಡು ಬಳಕೆಗಳ ನಡುವೆ ಎಷ್ಟು ಹಣ, ಎಷ್ಟು ದಿನ? ಬಂಡವಾಳ ಹೂಡುವ ಮುನ್ನ ಉದ್ದಿಮೆದಾರರು ಈ ಅಂಕಿಯನ್ನು ಕಾಗದದ ಮೇಲೆ ಬರೆದು ನೋಡುವುದು ಕ್ಷೇಮಕರ.