ಆರಿಸುವ ವಿದ್ಯೆ

ಕಳೆದ ವಾರ ಈ ಪುಟದಲ್ಲಿ ಮಕ್ಕಳ ಕೈಬರಹವನ್ನು ಕುರಿತು ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನು ಓದಿದ ಮಹನೀಯರೊಬ್ಬರು ಪತ್ರ ಬರೆದು, "ಬೆರಳಿನಿಂದ ಒತ್ತಿದರೆ ಅಕ್ಷರ ಮೂಡುವ ಈ ಕಾಲದಲ್ಲಿ ಮಕ್ಕಳಿಂದ ತಿದ್ದಿಸುವ ಶ್ರಮವೇತಕ್ಕೆ? ಇಷ್ಟರಲ್ಲೇ ಪಾಠ ಹೇಳುವ ಕೆಲಸವನ್ನೂ ಯಂತ್ರವೇ ವಹಿಸಿಕೊಳ್ಳಲಿದೆ, ನೀವು ಬೇರೆ ಉದ್ಯೋಗವನ್ನು ನೋಡಿಕೊಳ್ಳುವುದು ಲೇಸು" ಎಂದು ಹಿತವಚನ ಹೇಳಿದ್ದಾರೆ. ಬಿ.ಎಡ್. ಓದುತ್ತಿರುವ ನನಗೆ ಈ ಮಾತು ಹೊಸದಲ್ಲ. ನನ್ನ ಸೋದರಮಾವನವರು ಊಟಕ್ಕೆ ಕುಳಿತಾಗಲೆಲ್ಲ, "ಅಲ್ಲ ಕಣಮ್ಮ, ಎಲ್ಲವನ್ನೂ ಮೊಬೈಲೇ ಹೇಳಿಕೊಡುವಾಗ ನೀನು ತರಗತಿಯಲ್ಲಿ ನಿಂತು ಮಾಡುವುದೇನು?" ಎಂದು ಕೇಳುತ್ತಾರೆ. ಪ್ರಶ್ನೆ ಹಾಸ್ಯದ್ದಾದರೂ ಉತ್ತರವನ್ನು ಹಾಸ್ಯದಲ್ಲಿ ತೇಲಿಸುವಂತಿಲ್ಲ. ಇನ್ನೊಂದು ವರ್ಷಕ್ಕೆ ನನ್ನ ಮುಂದೆ ಮೂವತ್ತು ನಲವತ್ತು ಮಕ್ಕಳು ಕುಳಿತಿರುತ್ತಾರೆ. ಅವರ ದಿನದ ಐದಾರು ಗಂಟೆಗಳನ್ನು ನಾನು ಹೇಗೆ ವಿನಿಯೋಗಿಸುತ್ತೇನೆಂಬುದರ ಮೇಲೆ ಅವರ ಬದುಕು ಕೊಂಚಮಟ್ಟಿಗಾದರೂ ನಿಂತಿದೆ.

ಮೊದಲಿಗೆ ಒಂದು ಸಮಾಧಾನ. ಉಪಾಧ್ಯಾಯರ ಅವಸಾನವನ್ನು ಸಾರುವ ಜೋಯಿಸರು ಹಿಂದೆಯೂ ಇದ್ದರು. 1913ರಲ್ಲಿ ಅಮೆರಿಕದ ಥಾಮಸ್ ಎಡಿಸನ್ನನು, ಚಲಚ್ಚಿತ್ರ ಬಂದ ಮೇಲೆ ಶಾಲೆಗಳಲ್ಲಿ ಪುಸ್ತಕಗಳಿಗೆ ಹೆಚ್ಚು ದಿನ ಆಯುಷ್ಯವಿಲ್ಲವೆಂದೂ, ಹತ್ತು ವರ್ಷಗಳಲ್ಲಿ ಶಾಲಾಪದ್ಧತಿಯೇ ಸಂಪೂರ್ಣವಾಗಿ ಬದಲಾಗುವುದೆಂದೂ ಭವಿಷ್ಯ ನುಡಿದನು. ಅದಾಗಿ ನೂರು ವರ್ಷಗಳು ಕಳೆದೇಹೋದುವು. ಪುಸ್ತಕ ಹೋಗಲಿಲ್ಲ, ಮಕ್ಕಳ ಬೆನ್ನಿನ ಚೀಲವನ್ನು ನೋಡಿದರೆ ಅದು ಇನ್ನಷ್ಟು ಬೆಳೆದಿದೆಯೆಂದೇ ಹೇಳಬೇಕು! ನಮ್ಮ ದೇಶದಲ್ಲಿ 1961ರಲ್ಲಿ ದೆಹಲಿಯ ಶಾಲೆಗಳಿಗೆ ಟೆಲಿವಿಷನ್ ಪಾಠಗಳು ಬಂದುವು. 1984ರಲ್ಲಿ ಕೆಲವು ಶಾಲೆಗಳಿಗೆ ಕಂಪ್ಯೂಟರುಗಳು ಬಂದುವು. ಒಂದೊಂದು ಯಂತ್ರ ಬಂದಾಗಲೂ ಇದೇ ಆಸೆ, ಇದೇ ಭಯ. ಯಂತ್ರ ಬಂದಿತು, ಹಳತಾಯಿತು. ಉಪಾಧ್ಯಾಯರು ಮಾತ್ರ ಕರಿಹಲಗೆಯ ಮುಂದೆ ನಿಂತೇ ಇದ್ದರು.

ಆದರೆ ಈ ಸಮಾಧಾನದ ಮೇಲೆ ಒರಗಿ ನಿದ್ರಿಸುವುದೂ ತರವಲ್ಲ. ಕರಿಹಲಗೆಯೂ ಒಂದು ಕಾಲದ ಹೊಸ ಯಂತ್ರವೇ ಅಲ್ಲವೆ? ವಿದ್ಯುತ್ತಿನಿಂದ ನಡೆಯುವುದಷ್ಟೇ ತಂತ್ರಜ್ಞಾನವೆಂಬುದು ನಮ್ಮ ಕಾಲದ ಒಂದು ಭ್ರಮೆ. ನಮ್ಮ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಬಟ್ಟೆಗೆ ಹುಣಸೇಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿದ ಕಡತದ ಮೇಲೆ ದೊಡ್ಡವರು ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯುತ್ತಿದ್ದರು. ಮದರಾಸಿನ ಅನಾಥಬಾಲಕರ ಶಾಲೆಯೊಂದರ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು, ಈ ನಾಡಿನ ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನು ಅಳವಡಿಸಿಕೊಂಡನು. ತಿಳಿದ ಹುಡುಗನು ತಿಳಿಯದವನಿಗೆ ಹೇಳಿಕೊಡುವ ಕ್ರಮವನ್ನೂ ಸೇರಿಸಿ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ಅದೇ ಮುಂದೆ 'ಮದರಾಸು ಪದ್ಧತಿ' ಎಂಬ ಹೆಸರಿನಿಂದ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿತು. ನಮ್ಮ ಹಿಡಿ ಮರಳು ಕಡಲು ದಾಟಿದ ಕಥೆಯಿದು. ಆ ಮರಳಿನಲ್ಲಿ ಅಂಥ ವಿಶೇಷವೇನಿತ್ತು? ಬೆಲೆಯಿಲ್ಲ, ಸವೆಯುವುದಿಲ್ಲ, ತಪ್ಪಿದರೆ ಒರೆಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ಆಡುತ್ತಿದ್ದುದು ಮಗುವಿನ ಬೆರಳೇ ಹೊರತು ಗುರುವಿನ ಬೆರಳಲ್ಲ.

ಹೊಸ ಉಪಕರಣಗಳನ್ನು ಅಳೆಯುವ ಕೋಲು ನನಗೆ ಇಲ್ಲಿಯೇ ದೊರಕಿತೆನ್ನಬೇಕು. ಅದರ ಮೊದಲನೆಯ ಪ್ರಶ್ನೆ ಇದು: ಮಗುವಿನ ಕೈಗೂ ಕಣ್ಣಿಗೂ ಎಟುಕದ್ದನ್ನು ಈ ಯಂತ್ರ ಎಟುಕಿಸುತ್ತದೆಯೆ? 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ಒಂದು ವರ್ಷಕಾಲ, ಅಮೆರಿಕದಿಂದ ಎರವಲು ಪಡೆದ ಉಪಗ್ರಹವೊಂದರ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳು ಬಂದುವು. ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ತಂತಿಬಲೆಯ ದೊಡ್ಡ ಬೋಗುಣಿಯನ್ನು ಆಕಾಶಕ್ಕೆ ತೆರೆದಿಟ್ಟು, ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೂ ಸಂಜೆ ದೊಡ್ಡವರಿಗೂ ಕಾರ್ಯಕ್ರಮ ತೋರಿಸುತ್ತಿದ್ದರು. ರಾಯಚೂರಿನ ಬಿಸಿಲಿನಲ್ಲಿ ಬೆಳೆದ ಮಗುವಿಗೆ ಸಮುದ್ರವನ್ನು ಮಾತಿನಿಂದ ಎಷ್ಟು ವರ್ಣಿಸಿದರೂ ಅದು ದೊಡ್ಡ ಕೆರೆಯಾಗಿಯೇ ಉಳಿದೀತು. ಬಡಿಯುತ್ತಿರುವ ಹೃದಯವನ್ನೋ, ಭೂಮಿಯನ್ನು ಸುತ್ತುವ ಚಂದ್ರನನ್ನೋ ನಾನು ಮೇಜಿನ ಮೇಲೆ ತಂದಿಡಲಾರೆ. ಅಂಥಲ್ಲಿ ಪರದೆಗೆ ಕೈಮುಗಿದು ಸ್ಥಳ ಬಿಟ್ಟುಕೊಡುವುದೇ ಉಪಾಧ್ಯಾಯರಿಗೆ ಮರ್ಯಾದೆ. ಕಣ್ಣಿಲ್ಲದ ಮಗುವಿಗೆ ಪುಸ್ತಕವನ್ನು ಓದಿ ಹೇಳುವ ಮೊಬೈಲಂತೂ ಅಲಂಕಾರವಲ್ಲ, ಅದು ಆ ಮಗುವಿನ ಕಣ್ಣೇ ಸರಿ. ಅದನ್ನು ಅಲ್ಲಗಳೆಯುವ ಸಂಪ್ರದಾಯನಿಷ್ಠೆ ನನಗೆ ಬೇಡ.

ಆದರೆ ಕೈಗೆ ಎಟುಕುವುದನ್ನೂ ಪರದೆಗೆ ಒಪ್ಪಿಸಿದರೆ ನಷ್ಟವೇ. ಅವರೆಕಾಳು ಮೊಳೆಯುವುದನ್ನು ತೋರಿಸುವ ಸೊಗಸಾದ ಚಿತ್ರಗಳಿವೆ. ಅರೆ ನಿಮಿಷದಲ್ಲಿ ಕಾಳು ಉಬ್ಬುತ್ತದೆ, ಸಿಪ್ಪೆ ಒಡೆಯುತ್ತದೆ, ಬೇರು ಇಳಿಯುತ್ತದೆ, ಎಲೆ ತಲೆಯೆತ್ತುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅದೇ ಕಾಳನ್ನು ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಎರಡು ಮೂರು ದಿನ ಕಾಯಬೇಕು. ಒಬ್ಬ ಹುಡುಗನ ಕಾಳು ಕೊಳೆಯುತ್ತದೆ, ಇನ್ನೊಬ್ಬಳದು ಒಣಗುತ್ತದೆ. ಏಕೆ ಕೊಳೆಯಿತು, ಏಕೆ ಒಣಗಿತು ಎಂಬ ವಾಗ್ವಾದ ಹುಟ್ಟುತ್ತದೆ. ಆ ವಾಗ್ವಾದವೇ ವಿಜ್ಞಾನ. ಚಿತ್ರದಲ್ಲಿ ಯಾವ ಕಾಳೂ ಕೊಳೆಯುವುದಿಲ್ಲ. ಆದ್ದರಿಂದ ಅಲ್ಲಿ ಕೇಳುವುದಕ್ಕೂ ಏನೂ ಉಳಿದಿಲ್ಲ.

ಎರಡನೆಯ ಪ್ರಶ್ನೆ: ಯಂತ್ರವು ಮಗುವಿನ ಬಾಯನ್ನು ತೆರೆಯಿಸುತ್ತದೆಯೋ ಮುಚ್ಚಿಸುತ್ತದೆಯೋ? ಈ ಶತಮಾನದ ಆರಂಭದ ವರ್ಷಗಳಲ್ಲಿ ನಮ್ಮ ರಾಜ್ಯದ ಶಾಲೆಗಳಿಗಾಗಿ 'ಕೇಳಿ ಕಲಿ', 'ಚುಕ್ಕಿ ಚಿನ್ನ' ಎಂಬ ಆಕಾಶವಾಣಿ ಕಾರ್ಯಕ್ರಮಗಳು ಬಂದುವು. ಮಕ್ಕಳನ್ನು ಮಾತನಾಡಿಸಿ, ಹಾಡಿಸಿ, ಕುಣಿಸುವ ರೀತಿಯ ಪಾಠಗಳು ಆ ಕಾಲದಲ್ಲಿ ರೇಡಿಯೋದಲ್ಲಿಯೂ ಹೊರಟುವು. ರೇಡಿಯೋ ಪ್ರಶ್ನೆ ಕೇಳಿ ಸುಮ್ಮನಾಗಬೇಕು. ಆ ಬಿಡುವಿನಲ್ಲಿ ತರಗತಿಯೆಲ್ಲ ಕೂಗಿ ಉತ್ತರ ಹೇಳಬೇಕು. ಇಂಥ ಪಾಠದ ಜೀವವಿರುವುದು ರೇಡಿಯೋ ಆಡಿದ ಮಾತಿನಲ್ಲಲ್ಲ, ಅದು ಮಾತು ನಿಲ್ಲಿಸಿದ ಆ ಕ್ಷಣದಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ'ಗೆ ವಿದ್ಯುತ್ತಿನ ಹಂಗೂ ಇರಲಿಲ್ಲ. ಅಲ್ಲಿಯ ಉಪಾಧ್ಯಾಯರು ಋಷಿವ್ಯಾಲಿಗೆ ಹೋಗಿ ಕಂಡು ಬಂದು, ರಟ್ಟಿನ ಕಾರ್ಡುಗಳನ್ನು ರಚಿಸಿದರು. ಒಂದೊಂದು ಮಗುವೂ ತನ್ನ ಮೆಟ್ಟಿಲಿನ ಕಾರ್ಡನ್ನು ತೆಗೆದುಕೊಂಡು ತನ್ನ ವೇಗಕ್ಕೆ ತಕ್ಕಂತೆ ಮುಂದೆ ಸಾಗುವ ಏರ್ಪಾಡು. ಇಂದು 'ಮಗುವಿಗೆ ತಕ್ಕ ಪಾಠ' ಎಂದು ದೊಡ್ಡ ಜಾಹೀರಾತುಗಳಲ್ಲಿ ಮಾರುವ ತತ್ತ್ವವನ್ನು ಹಳ್ಳಿಯ ಉಪಾಧ್ಯಾಯರು ರಟ್ಟಿನಲ್ಲಿ ಸಾಧಿಸತೊಡಗಿದ್ದರು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿನವಾದುದು: ಕೊನೆಯ ಬೆಂಚಿನ ಮಗುವಿಗೆ ಇದು ಸಲ್ಲುತ್ತದೆಯೆ? 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದಾಗಿ ಶಾಲೆಗಳು ಮುಚ್ಚಿದಾಗ ಈ ಪ್ರಶ್ನೆ ಬಾಗಿಲಿಗೇ ಬಂದು ನಿಂತಿತು. ಪಾಠ ಮೊಬೈಲಿಗೆ ಏರಿತು. ಮನೆಗೊಂದೇ ಮೊಬೈಲು, ಅದೂ ತಂದೆಯ ಜೇಬಿನಲ್ಲಿ. ಸಂಜೆ ಅವರು ಕೂಲಿಯಿಂದ ಮರಳಿದ ಮೇಲೆ ಅಣ್ಣನ ಸರದಿ, ಆಮೇಲೆ ತಂಗಿಯ ಸರದಿ, ಅಷ್ಟರಲ್ಲಿ ಅದರ ಉಸಿರು ನಿಂತಿರುತ್ತಿತ್ತು. ಆ ವರ್ಷದ ಆಗಸ್ಟಿನಲ್ಲಿ ನಮ್ಮ ಸರ್ಕಾರಿ ಶಾಲೆಗಳ ಉಪಾಧ್ಯಾಯರು 'ವಿದ್ಯಾಗಮ' ಯೋಜನೆಯಂತೆ ದೇವಸ್ಥಾನದ ಜಗಲಿಗೂ ಮರದ ನೆರಳಿಗೂ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು, ನಿಜ. ಆದರೆ ಉಪಗ್ರಹವೂ ಅಂತರ್ಜಾಲವೂ ತಲುಪದ ಮಗುವನ್ನು ಕಾಲ್ನಡಿಗೆಯ ಉಪಾಧ್ಯಾಯರು ತಲುಪಿದ್ದರೆಂಬುದನ್ನು ಮರೆಯಲಾಗದು.

ಈಗ ಮೊಬೈಲು ಹಳ್ಳಿಹಳ್ಳಿಗೂ ಹೊಕ್ಕಿದೆಯೆಂದು ಹೇಳುವವರುಂಟು. 2024ರ 'ಅಸರ್' ಸಮೀಕ್ಷೆಯನ್ನು ನೋಡಿ. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಮಂದಿ ಸ್ಮಾರ್ಟ್‌ಫೋನ್ ಬಳಸಬಲ್ಲರು. ಹೀಗೆ ಬಲ್ಲವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ನೂರಕ್ಕೆ 57. ಸಾಮಾಜಿಕ ಜಾಲಗಳಿಗೆ ಬಳಸಿದವರು 76. ಸ್ವಂತ ಫೋನು ಹೊಂದಿದವರು ಹುಡುಗರಲ್ಲಿ ನೂರಕ್ಕೆ 36, ಹುಡುಗಿಯರಲ್ಲಿ 27. ಅಂದಮೇಲೆ "ನಾಳೆಯ ಪಾಠವನ್ನು ಫೋನಿನಲ್ಲಿ ನೋಡಿಕೊಂಡು ಬನ್ನಿ" ಎಂದು ನಾನು ಸರಾಗವಾಗಿ ಅಂದುಬಿಟ್ಟರೆ, ಆ ಮಾತಿನ ಭಾರ ಮೊದಲು ಬೀಳುವುದು ಹೆಣ್ಣುಮಗುವಿನ ತಲೆಯ ಮೇಲೆ. ಯಂತ್ರಕ್ಕೆ ಭೇದಭಾವವಿಲ್ಲ, ದಿಟ. ಆದರೆ ಅದು ಯಾವ ಮನೆಯನ್ನು ಹೊಕ್ಕಿತೋ ಆ ಮನೆಯ ಭೇದಭಾವವನ್ನು ತಾನೂ ಪಾಲಿಸುತ್ತದೆ.

ಇನ್ನು ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಯ ಮಾತು. 2022ರ ಕೊನೆಯಿಂದೀಚೆಗೆ, ಕೇಳಿದುದಕ್ಕೆಲ್ಲ ಥಟ್ಟನೆ ಉತ್ತರ ಬರೆಯುವ ಯಂತ್ರಗಳು ಜನರ ಕೈಗೆ ಬಂದಿವೆ. ನಿಬಂಧ ಬೇಕೆ, ನಿಬಂಧ. ಲೆಕ್ಕ ಬೇಕೆ, ಲೆಕ್ಕ. ಇಲ್ಲಿ ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. 'ಮುನ್ನೂರ ಐದು' ಎಂದು ಅಂಕಿಯಲ್ಲಿ ಬರೆಯಲು ಹೇಳಿದರೆ ಕೆಲವು ಮಕ್ಕಳು 3005 ಎಂದು ಬರೆಯುತ್ತಾರೆ. ತಪ್ಪು ಎಂದು ಗೆರೆಯೆಳೆಯುವುದು ಸುಲಭ. ಆದರೆ ಆ ಮಗು ಮುನ್ನೂರನ್ನು 300 ಎಂದು ಸರಿಯಾಗಿಯೇ ಬರೆದು, ಅದರ ಪಕ್ಕದಲ್ಲಿ 5ನ್ನು ಇಟ್ಟಿದೆ. ಅದು ಕೇಳಿಸಿದಂತೆಯೇ ಬರೆದ ಜಾಣ ಮಗು! ಅದಕ್ಕೆ ಬೇಕಾದುದು ಸ್ಥಾನಬೆಲೆಯ ಪಾಠ, ಕೆಂಪು ಗೆರೆಯಲ್ಲ. ಇಂದಿನ ಯಂತ್ರವೂ ಈ ತಪ್ಪಿನ ಕಾರಣವನ್ನು ಊಹಿಸೀತು; ಅದನ್ನು ನಾನು ಶಂಕಿಸುವುದಿಲ್ಲ. ಆದರೆ ಇಡೀ ತರಗತಿ ನಕ್ಕಾಗ ಆ ನಗುವನ್ನು ತಡೆದು, "ಇವನು ಹೀಗೇಕೆ ಬರೆದನೆಂದು ಯಾರು ಹೇಳುವಿರಿ?" ಎಂದು ಕೇಳಿ, ನಾಳೆಯೂ ಆ ಮಗು ಧೈರ್ಯವಾಗಿ ಕೈಯೆತ್ತುವಂತೆ ಮಾಡುವವರು ಯಾರು? ಉತ್ತರ ಕೊಡುವ ಕೆಲಸದಲ್ಲಿ ಯಂತ್ರ ನನ್ನನ್ನು ಸೋಲಿಸಿದೆ, ಸೋಲಿಸಲಿ. ಪ್ರಶ್ನೆ ಕೇಳುವ ಧೈರ್ಯವನ್ನು ಕಾಯುವ ಕೆಲಸ ಇನ್ನೂ ನನ್ನದೇ. ಸೋದರಮಾವನವರಿಗೆ ನನ್ನ ಉತ್ತರವೂ ಇದೇ.

ಶಿಕ್ಷಣ ಮಹಾವಿದ್ಯಾಲಯಗಳಲ್ಲಿ ನಮಗೆ ಉಪಕರಣಗಳ ಬಳಕೆಯನ್ನು ಕಲಿಸುತ್ತಾರೆ. ಪ್ರೊಜೆಕ್ಟರನ್ನು ಹೇಗೆ ಹೊತ್ತಿಸಬೇಕು, ಸ್ಮಾರ್ಟ್ ಬೋರ್ಡಿನ ಮೇಲೆ ಹೇಗೆ ಬರೆಯಬೇಕು ಎಂಬುದೆಲ್ಲ ಬೇಕಾದ ವಿದ್ಯೆಯೇ. ಆದರೆ ನಮ್ಮ ಕನ್ನಡದಲ್ಲಿ 'ಆರಿಸು' ಎಂಬ ಮಾತಿಗೆ ಎರಡು ಅರ್ಥಗಳಿವೆಯಷ್ಟೆ: ಬೇಕಾದುದನ್ನು ಹೆಕ್ಕಿ ತೆಗೆಯುವುದು ಒಂದು, ಉರಿಯುವ ದೀಪವನ್ನು ನಂದಿಸುವುದು ಇನ್ನೊಂದು. ಉಪಾಧ್ಯಾಯರಾಗುವವರಿಗೆ ಎರಡೂ ಅರ್ಥದ 'ಆರಿಸುವ ವಿದ್ಯೆ' ಬೇಕು. ಯಾವುದನ್ನು ತೋರಿಸಬೇಕೆಂದು ಆರಿಸಬೇಕು; ತೋರಿಸಿದ ಮೇಲೆ ಪರದೆಯನ್ನು ಆರಿಸಬೇಕು. ಸಮುದ್ರದ ಚಿತ್ರ ಐದು ನಿಮಿಷ ಸಾಕು. ಮಿಕ್ಕ ಮೂವತ್ತೈದು ನಿಮಿಷ ಮಕ್ಕಳು ಅದರ ವಿಷಯವಾಗಿ ಮಾತಾಡಲಿ, ಜಗಳವಾಡಲಿ, ಬರೆಯಲಿ, ಉಪ್ಪುನೀರನ್ನು ಬಿಸಿಲಿನಲ್ಲಿಟ್ಟು ಉಪ್ಪು ಉಳಿಯುವುದನ್ನು ಕಾಣಲಿ.

ವಾಚಕರಲ್ಲಿ ತಂದೆತಾಯಿಗಳು ಬಹುಮಂದಿ ಇರುವುದರಿಂದ ಅವರಲ್ಲಿ ಒಂದು ಅರಿಕೆ. ಬರುವ ಬೇಸಗೆಯಲ್ಲಿ ನೀವು ಮಗುವನ್ನು ಸೇರಿಸಲು ಶಾಲೆಯನ್ನು ನೋಡಹೋದಾಗ, ಇಲ್ಲಿ ಎಷ್ಟು ಪರದೆಗಳಿವೆಯೆಂದು ಕೇಳಿ ತೃಪ್ತರಾಗಬೇಡಿ. ಪರದೆ ಆರಿದ ಮೇಲೆ ಮಕ್ಕಳು ಏನು ಮಾಡುತ್ತಾರೆಂದು ಕೇಳಿ. ನನ್ನಂಥ ಹೊಸ ಉಪಾಧ್ಯಾಯಿನಿಯನ್ನು ಕಂಡರೂ ಇದನ್ನೇ ಕೇಳಿ. ಆ ಪ್ರಶ್ನೆಗೆ ನಿಮಗೆ ಒಪ್ಪುವ ಉತ್ತರ ಕೊಡುವಷ್ಟು ಸಿದ್ಧತೆಯನ್ನು ಈ ಒಂದು ವರ್ಷದಲ್ಲಿ ಮಾಡಿಕೊಳ್ಳಬೇಕೆಂದು ನಾನೂ ಪುಸ್ತಕ ಹಿಡಿದು ಕುಳಿತಿದ್ದೇನೆ.