ಬೆನ್ನಿನ ಬಲವೂ ಜೊತೆಗಾತಿಯ ಕೈಯೂ

ನಮ್ಮ ಹಳೆಯ ವಿದ್ಯಾರ್ಥಿನಿಯರು ಇಬ್ಬರು ಕೂಡಿದರೆ ಮೊದಲು ಮಕ್ಕಳ ಮಾತು, ಅನಂತರ ಬೆನ್ನುನೋವಿನ ಮಾತು. ಇದು ನಗುವ ವಿಷಯವಲ್ಲ. ೨೦೨೦ರಲ್ಲಿ ಲೋಕದಲ್ಲಿ ಸುಮಾರು ೬೧ ಕೋಟಿ ೯೦ ಲಕ್ಷ ಜನರು ಸೊಂಟದ ನೋವಿನಿಂದ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು.

೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರವಿಟ್ಟ ಕಾಲದಲ್ಲಿ ಬಾವಿಯಿಂದ ನೀರು ಸೇದುವುದೂ ಬೀಸುವ ಕಲ್ಲನ್ನು ತಿರುಗಿಸುವುದೂ ಹೆಂಗಸರ ನಿತ್ಯದ ಕೆಲಸವಾಗಿದ್ದಿತು. ಮತ್ತಾಯನ ಸುವಾರ್ತೆಯ ೨೪ನೆಯ ಅಧ್ಯಾಯದಲ್ಲಿ ಬರುವ ಇಬ್ಬರು ಹೆಂಗಸರಂತೆ ಎದುರುಬದುರು ಕುಳಿತು, ಒಂದೇ ಗೂಟವನ್ನು ಹಿಡಿದು, ಒಬ್ಬಳು ತಳ್ಳುವಾಗ ಮತ್ತೊಬ್ಬಳು ಎಳೆಯುತ್ತಿದ್ದಳು. ಆ ಕಷ್ಟವು ಮರಳಿ ಬರಲೆಂದು ಬಯಸುವವಳು ನಾನಲ್ಲ. ಅದರಿಂದ ಸೋತ ಸೊಂಟಗಳೂ ಉಂಟು. ಆದರೆ ಕಲ್ಲಿನೊಡನೆ ಎಳೆಯುವ ಕೆಲಸವೂ ನಮ್ಮ ಮನೆಗಳನ್ನು ಬಿಟ್ಟುಹೋಯಿತೆಂಬುದನ್ನು ಗಮನಿಸಿದವರು ಕಡಿಮೆ. ಉದ್ಯಾನಗಳಲ್ಲಿ ಮುಂಜಾನೆ ನಡೆದಾಡುವ ಮಾತೆಯರ ಹೃದಯಕ್ಕೆ ಹಿತವಾಗುವುದು ನಿಜ. ಸೂರ್ಯನಮಸ್ಕಾರದಲ್ಲಿ ತೋಳುಗಳು ನೆಲವನ್ನು ಒತ್ತುವುದೂ ನಿಜ. ಎಳೆತವು ಎರಡರಲ್ಲಿಯೂ ಇಲ್ಲ. ಹೆಗಲಿನ ಹಿಂಬದಿಯ ಸ್ನಾಯುಗಳಿಗೆ ಬೇಕಾದುದು ಅದೇ.

ಅಂಗಡಿಯವರು ರೆಸಿಸ್ಟೆನ್ಸ್ ಬ್ಯಾಂಡ್ ಎಂದು ಮಾರುವ ರಬ್ಬರ್ ಪಟ್ಟಿಯು ಈ ಕೊರತೆಯನ್ನು ತುಂಬಬಲ್ಲುದು. ಇಬ್ಬರು ಕೂಡಿ ಮಾಡುವುದಾದರೆ ಗೋಡೆಗೆ ಕೊಕ್ಕೆಯೂ ಬೇಡ (ಬಾಡಿಗೆಯ ಮನೆಯವರಿಗೆ ಇದು ಸಣ್ಣ ಲಾಭವಲ್ಲ), ಜೊತೆಗಾತಿಯೇ ಕಂಬ. ಒಬ್ಬಳು ಪಟ್ಟಿಯ ನಡುಭಾಗವನ್ನು ಬಿಗಿಯಾಗಿ ಹಿಡಿದಿರಲು, ಮತ್ತೊಬ್ಬಳು ಎದುರಿಗೆ ನೆಟ್ಟಗೆ ಕುಳಿತು, ಎರಡು ತುದಿಗಳನ್ನೂ ಮೊಣಕೈಗಳು ಪಕ್ಕೆಯನ್ನು ದಾಟುವಂತೆ ಎಳೆದು, ನಿಧಾನವಾಗಿ ಬಿಡಬೇಕು. ಹತ್ತು ಬಾರಿಯಾದ ಮೇಲೆ ಸರದಿ ಬದಲಾಗಲಿ. ಎರಡನೆಯದು ನಡುವಿಗೆ. ನಡುವೆಂದರೆ ಹೊಟ್ಟೆಯೊಂದೇ ಅಲ್ಲ. ಮೇಲೆ ವಪೆ, ಕೆಳಗೆ ಕಟಿಯ ತಳದ ಸ್ನಾಯುಗಳು, ಹಿಂದೆ ಬೆನ್ನೆಲುಬಿನ ಇಕ್ಕೆಲದವು, ಎಲ್ಲವೂ ಸೇರಿ ನಡು. ಜೊತೆಗಾತಿಗೆ ಪಕ್ಕವಾಗಿ ನಿಂತು, ಅವಳು ಹಿಡಿದ ಪಟ್ಟಿಯ ಇನ್ನೊಂದು ತುದಿಯನ್ನು ಎರಡು ಕೈಗಳಿಂದಲೂ ಎದೆಯ ಮುಂದೆ ಹಿಡಿದು, ತೋಳುಗಳನ್ನು ನೇರವಾಗಿ ಮುಂದಕ್ಕೆ ಚಾಚಬೇಕು. ಪಟ್ಟಿಯು ಮೈಯನ್ನು ತಿರುಗಿಸಲೆಳಸುವುದು, ಮೈ ತಿರುಗಕೂಡದು. ಆ ನಿರಾಕರಣೆಯೇ ವ್ಯಾಯಾಮ.

ಒಂಟಿಯಾಗಿ ಮಾಡುವವಳಿಗೆ ತನ್ನ ಬೆನ್ನು ಬಾಗಿದುದು ಕಾಣದು. ಜೊತೆಗಾತಿಗೆ ಕಾಣುವುದು, ಉಸಿರು ಕಟ್ಟಿದುದೂ ಅವಳಿಗೆ ತಿಳಿಯುವುದು. ಅರ್ಧ ಹೆಜ್ಜೆ ಹಿಂದೆ ಸರಿದರೆ ಬಿಗಿ ಹೆಚ್ಚು, ಮುಂದೆ ಬಂದರೆ ಕಡಿಮೆ. ಇದರಲ್ಲಿ ಅಪಾಯವೂ ಉಂಟು: ಹಿಡಿದವಳು ಥಟ್ಟನೆ ಕೈಬಿಟ್ಟರೆ ಪಟ್ಟಿ ಕಣ್ಣಿಗೆ ಬಡಿಯುವುದು. ಆದುದರಿಂದ ಬಿರುಕುಗಳನ್ನು ಮೊದಲೇ ನೋಡಿ, ಮುಗಿಸುವಾಗ ಹತ್ತಿರಕ್ಕೆ ಬಂದು ಸಡಿಲಿಸಬೇಕು. ಬೆನ್ನಿನ ನೋವು ಕಾಲಿಗೆ ಇಳಿಯುವವರೂ, ಕಾಲು ಜೋಮುಗಟ್ಟುವವರೂ ಮೊದಲು ವೈದ್ಯರನ್ನು ಕಾಣತಕ್ಕದ್ದು.

ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವು ೫ರಿಂದ ೧೭ ವರ್ಷದವರಿಗೆ ವಾರದಲ್ಲಿ ೩ ದಿನಗಳೂ ವಯಸ್ಕರಿಗೆ ೨ ದಿನಗಳೂ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ೨೦೨೦ರ ಸಲಹೆ. ಹೀಗಿರಲು, ಹತ್ತನೆಯ ತರಗತಿಯ ಡ್ರಿಲ್ ಗಂಟೆಯನ್ನು ಗಣಿತಕ್ಕೆ ಒಪ್ಪಿಸುವ ರೂಢಿಯನ್ನು ಅನೇಕ ಶಾಲೆಗಳಲ್ಲಿ ತಂದೆತಾಯಿಗಳೇ ಬೇಡಿ ಪಡೆಯುತ್ತಿರುವುದು ಶೋಚನೀಯ. ನಮ್ಮ ಶಾಲೆಯಲ್ಲಿ ಆ ಗಂಟೆ ಉಳಿಯಲಿ ಎಂದು ನನ್ನ ಬಿನ್ನಹ. ನಲವತ್ತು ಹುಡುಗಿಯರ ತರಗತಿಗೆ ಇಪ್ಪತ್ತು ಪಟ್ಟಿಗಳು ಸಾಕು. ಮೇಜಿನ ಒಂದು ಖಾನೆಯಲ್ಲಿ ಹಿಡಿಯುವುವು. ಹಳೆಯ ವಿದ್ಯಾರ್ಥಿನಿಯರ ಕಾಣಿಕೆಯಿಂದ ಅವನ್ನು ಕೊಳ್ಳಬಹುದು. ಖಾನೆಯ ಬೀಗದಕೈ ಮಾತ್ರ ಡ್ರಿಲ್ ಉಪಾಧ್ಯಾಯಿನಿಯವರ ಬಳಿಯೇ ಇರಲಿ.