ಇದೆಯೂ ಅಲ್ಲ, ಇಲ್ಲವೂ ಅಲ್ಲ

ಕಳೆದ ತಿಂಗಳು ನಮ್ಮ ಯಜಮಾನರಿಗೆ ಮೊದಲ ಸಲ ಫಿಟ್ಸ್ ಬಂತು. ಎಂಆರ್‌ಐ ನಾರ್ಮಲ್, ಇಇಜಿಯಲ್ಲಿ ಮಾತ್ರ ‘ನಾನ್‌ಸ್ಪೆಸಿಫಿಕ್’ ಬದಲಾವಣೆ. ಹಾಗೆಂದರೇನು?

ಡಾಕ್ಟರು ಬಿಡಿಸಿ ಹೇಳಿದರು. ಇಇಜಿ ಹಿಡಿಯುವುದು ಮಿದುಳಿನ ಅರ್ಧ ಗಂಟೆಯ ಚಟುವಟಿಕೆಯನ್ನಷ್ಟೇ. ಅಪಸ್ಮಾರ ಇದ್ದವರಲ್ಲೂ ಅದು ನಾರ್ಮಲ್ ಬರಬಹುದು, ಇಲ್ಲದವರಲ್ಲೂ ಸಣ್ಣ ಏರುಪೇರು ಕಾಣಬಹುದು. ಒಮ್ಮೆ ಬಂದವರಿಗೆಲ್ಲ ಮತ್ತೆ ಬರುವುದಿಲ್ಲ. ಸದ್ಯಕ್ಕೆ ಮಾತ್ರೆ ಬೇಡ. ಒಂದು ರಾತ್ರಿ ನಿದ್ದೆಗೆಟ್ಟು ಇನ್ನೊಂದು ಇಇಜಿ. ರಿಪೋರ್ಟಿಗಿಂತ ಹೆಚ್ಚಾಗಿ ನಾನು ಕಂಡದ್ದನ್ನೇ ಅವರು ಕೆದಕಿ ಕೇಳಿದರು: ಮೊದಲು ಯಾವ ಕೈ ಅದುರಿತು, ಎಷ್ಟು ನಿಮಿಷ, ಎಚ್ಚರವಾದ ಮೇಲೆ ಮಾತು ಹೇಗಿತ್ತು?

ಊರಿಂದ ಅತ್ತೆ ದಿನಾ ಫೋನು: “ಕಾಯಿಲೆ ಇದೆಯೋ ಇಲ್ಲವೋ ಹೇಳಮ್ಮ.” “ಇನ್ನೂ ಗೊತ್ತಾಗಿಲ್ಲ ಅತ್ತೆ” ಅನ್ನುವುದೇ ಕಷ್ಟ. ಆದರೆ ಅದೇ ನಿಜ.

ಗೊತ್ತಾಗುವ ತನಕ ನಮ್ಮನೆಯ ನಿಯಮಗಳಿವು: ಬೈಕ್ ಇಲ್ಲ. ಡೊಂಬಿವಲಿ ಲೋಕಲ್‌ನ ಬಾಗಿಲಲ್ಲಿ ನಿಲ್ಲುವಂತಿಲ್ಲ. ಬಚ್ಚಲಿಗೆ ಚಿಲಕವಿಲ್ಲ. ಮತ್ತೆ ಬಂದರೆ ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡುವುದು. ಐದು ನಿಮಿಷ ದಾಟಿದರೆ ಆಸ್ಪತ್ರೆ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಬೇಡವೇ ಬೇಡ.

ನಿಮ್ಮ ಮನೆಯಲ್ಲೂ ಇಂಥ ರಿಪೋರ್ಟ್ ಇದ್ದರೆ, ಕಂಡದ್ದನ್ನು ಈಗಲೇ ಬರೆದಿಡಿ. ಮುಂದಿನ ಸಲ ಡಾಕ್ಟರಿಗೆ ಅದೇ ದಾರಿ ತೋರಿಸೀತು.